ಮರದಿಂದ ಬಿದ್ದವರನ್ನು ಎತ್ತುವ ಮೊದಲು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲ, ಲೆಕ್ಕದ ಪುಸ್ತಕ ಇವುಗಳ ಬಗ್ಗೆ ಪ್ರತಿ ಸಭೆಯಲ್ಲೂ ಮಾತನಾಡುತ್ತೇವೆ. ಇವತ್ತು ಸಿಸ್ಟರ್ ಬೆನ್ನುಮೂಳೆಯ ವಿಷಯ ಯಾಕೆ ತೆಗೆದರು ಅಂತ ನಿಮಗೆ ಅನಿಸಬಹುದು. ಕಂತು ನಿಂತುಹೋದ ಮನೆಗಳಿಗೆ ನಾವು ಭೇಟಿಗೆ ಹೋಗುತ್ತೇವಲ್ಲ, ಅಲ್ಲಿ ಕೆಲವು ಕಡೆ ಕಾರಣ ಕೇಳುವ ಮೊದಲೇ ಒಳಕೋಣೆಯ ಮಂಚ ಕಾಣುತ್ತದೆ. ಮಂಚದ ಮೇಲೆ ಮೂವತ್ತು ನಲವತ್ತು ವರ್ಷದ ಗಂಡಸು. ಅಡಿಕೆ ಮರದಿಂದ ಬಿದ್ದವರು, ತೆಂಗಿನ ಮರದಿಂದ ಬಿದ್ದವರು, ಹಲಸಿನ ಕೊಂಬೆ ಮುರಿದು ಬಿದ್ದವರು, ಬೈಕಿನಿಂದ ಹಾರಿ ಬಿದ್ದವರು. ಕೈಯಲ್ಲಿ ಬಲ ಉಂಟು, ಮಾತು ಸರಿ ಉಂಟು, ಬುದ್ಧಿ ಚುರುಕು ಉಂಟು. ಸೊಂಟದಿಂದ ಕೆಳಗೆ ಮಾತ್ರ ಚಿವುಟಿದರೂ ಗೊತ್ತಾಗುವುದಿಲ್ಲ.

ನಮ್ಮ ಕರಾವಳಿ ಮಲೆನಾಡಿನ ಕೆಲಸವೇ ಹಾಗೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡಬೇಕು, ಆಗಲೇ ಮರ ಪಾಚಿ ಹಿಡಿದು ಜಾರುತ್ತದೆ. ಬೇಸಗೆಯಲ್ಲಿ ಕೊಯ್ಲು, ಏಣಿ ಇಟ್ಟು ಕರಿಮೆಣಸು ಕೊಯ್ಯುವುದು. ತಾರಸಿಗೆ ಅಡ್ಡಗೋಡೆ ಇಲ್ಲ, ಬಾವಿಗೆ ಕಟ್ಟೆ ಇಲ್ಲ. ಈಗ ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೆಲೆ ಹೆಚ್ಚು, ಒಪ್ಪುತ್ತೇವೆ. ಆದರೆ ಬೈಕಿಗೆ ಸಾಲ ಕೊಡುವ ಸಂಘ ದೋಟಿಗೆ ಯಾಕೆ ಕೊಡಬಾರದು?

ಬೆನ್ನುಮೂಳೆ ಅಂದರೆ ಒಂದೇ ಕೋಲು ಅಲ್ಲ. ಚಿಕ್ಕ ಚಿಕ್ಕ ಮೂಳೆಗಳನ್ನು ಬಳೆ ಜೋಡಿಸಿದ ಹಾಗೆ ಒಂದರ ಮೇಲೊಂದು ಇಟ್ಟದ್ದು. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಕೆಳಗೆ ಕೂಡಿಕೊಂಡು ಹೋದವು ಬೇರೆ. ಆ ಬಳೆಗಳ ನಡುವಿನ ತೂತಿನಲ್ಲಿ ಮಿದುಳಿನಿಂದ ಇಳಿದುಬಂದ ನರದ ಬಳ್ಳಿ ಉಂಟು. ದಪ್ಪ ನಮ್ಮ ಕಿರುಬೆರಳಿನಷ್ಟು. ಕಾಲು ಎತ್ತು ಅನ್ನುವ ಅಪ್ಪಣೆ ಅದರಲ್ಲೇ ಕೆಳಗೆ ಹೋಗಬೇಕು, ಮುಳ್ಳು ಚುಚ್ಚಿತು ಅನ್ನುವ ಸುದ್ದಿ ಅದರಲ್ಲೇ ಮೇಲೆ ಬರಬೇಕು. ಮೂತ್ರ ಬಂತು ಅಂತ ತಿಳಿಯುವುದೂ ಅದರಿಂದಲೇ.

ಇಲ್ಲಿ ಒಂದು ಮಾತು ಗಟ್ಟಿ ನೆನಪಿಡಿ. ಮೂಳೆ ಮುರಿಯುವುದು ಬೇರೆ, ನರದ ಬಳ್ಳಿಗೆ ಪೆಟ್ಟಾಗುವುದು ಬೇರೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಜಜ್ಜಿಹೋದ ಬಳ್ಳಿಯನ್ನು ಹೊಲಿದು ಸರಿ ಮಾಡುವ ಔಷಧ ಇವತ್ತಿಗೂ ಯಾವ ಆಸ್ಪತ್ರೆಯಲ್ಲೂ ಇಲ್ಲ. ಬಿದ್ದವರಲ್ಲಿ ಎಷ್ಟೋ ಮಂದಿಗೆ ಬೀಳುವಾಗ ಮೂಳೆ ಮಾತ್ರ ಮುರಿದಿರುತ್ತದೆ, ನರ ಉಳಿದಿರುತ್ತದೆ. ಆಮೇಲೆ ನಾವು ಪ್ರೀತಿಯಿಂದಲೇ ಓಡಿ ಬಂದು, ಒಬ್ಬರು ಕಂಕುಳಿಗೆ ಕೈ ಹಾಕಿ, ಒಬ್ಬರು ಕಾಲು ಹಿಡಿದು, ಚಾಪೆ ಮಡಚಿದ ಹಾಗೆ ಮಡಚಿ ಆಟೋದ ಸೀಟಿಗೆ ತುರುಕುತ್ತೇವೆ. ಒಡೆದ ಮೂಳೆಯ ಚೂರು ಆಗ ಒಳಗೆ ಒತ್ತಬಹುದು.

ಹಾಗಾದರೆ ಏನು ಮಾಡುವುದು? ಮೊದಲು ಮುಟ್ಟದೆ ನಿಲ್ಲಿ. ಬೆಂಕಿ, ನೀರು, ಕರೆಂಟಿನ ತಂತಿ, ಓಡುವ ವಾಹನ ಇಂಥ ಅಪಾಯ ಇಲ್ಲದಿದ್ದರೆ ಅವರನ್ನು ಅಲುಗಾಡಿಸಬೇಡಿ. ಒಬ್ಬರು ತಲೆಯ ಬಳಿ ಮೊಣಕಾಲೂರಿ, ಎರಡು ಕೈಯಿಂದ ತಲೆಯನ್ನು ಇದ್ದ ಹಾಗೆಯೇ ಹಿಡಿದುಕೊಳ್ಳಿ. "ತಲೆ ಆಡಿಸಬೇಡಿ, ಬಾಯಲ್ಲೇ ಹೇಳಿ" ಅನ್ನಿ. ಇಲ್ಲದಿದ್ದರೆ ನಾವು ಕೇಳಿದ್ದಕ್ಕೆಲ್ಲ ಅವರು ತಲೆ ಅಲ್ಲಾಡಿಸುತ್ತಾರೆ! ಕಾಲ್ಬೆರಳು ಆಡಿಸಲು ಹೇಳಿ. ಜೋಮು ಉಂಟಾ, ಮುಟ್ಟಿದ್ದು ಗೊತ್ತಾಗುತ್ತದಾ ಅಂತ ಕೇಳಿ. ತಲೆಗೆ ದಿಂಬು ಬೇಡ. ಎಬ್ಬಿಸಿ ಕೂರಿಸಿ ನೀರು ಕುಡಿಸುವುದು ನಮ್ಮ ಊರಿನ ಮೊದಲ ಉಪಚಾರ, ಅದಂತೂ ಬೇಡವೇ ಬೇಡ. ವಾಂತಿ ಬಂದರೆ ತಲೆ, ಎದೆ, ಸೊಂಟ, ಕಾಲು ಎಲ್ಲ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದ ಹಾಗೆ ಬದಿಗೆ ಹೊರಳಿಸಬೇಕು. ಉಸಿರು ನಿಂತಿದ್ದರೆ ಮಾತ್ರ ಉಸಿರೇ ಮೊದಲು, ಬೆನ್ನು ಆಮೇಲೆ.

108ಕ್ಕೆ ಫೋನ್ ಮಾಡಿ, "ಎತ್ತರದಿಂದ ಬಿದ್ದಿದ್ದಾರೆ, ಬೆನ್ನಿಗೆ ಪೆಟ್ಟು" ಅಂತ ಬಿಡಿಸಿ ಹೇಳಿ. ತೋಟದ ಒಳಗೆ ಆಂಬುಲೆನ್ಸ್ ಬರದ ಕಡೆ ಬಾಗಿಲ ಹಲಗೆಯೋ ಅಗಲದ ಬೆಂಚೋ ತನ್ನಿ, ಐದು ಮಂದಿ ಸೇರಿ. ತಲೆ ಹಿಡಿದವರು ಲೆಕ್ಕ ಹೇಳಬೇಕು, ಉಳಿದವರು ಆ ಲೆಕ್ಕಕ್ಕೆ ಸರಿಯಾಗಿ ಎತ್ತಬೇಕು. ಸೀಟಿನಲ್ಲಿ ಕೂರಿಸುವ ಆಟೋಕ್ಕಿಂತ ಉದ್ದಕ್ಕೆ ಮಲಗಿಸಬಹುದಾದ ಪಿಕಪ್ ವಾಸಿ. ಆಸ್ಪತ್ರೆಗೆ ಮುಟ್ಟಿದ ಮೇಲೆ ಹಲಗೆಯಿಂದ ಬೇಗ ಇಳಿಸಲು ಕೇಳಿ, ಗಟ್ಟಿ ಹಲಗೆಯಲ್ಲೇ ಗಂಟೆಗಟ್ಟಲೆ ಬಿಟ್ಟರೆ ಹುಣ್ಣು ಅಲ್ಲಿಂದಲೇ ಶುರು. ಬಿದ್ದ ಕೂಡಲೇ ಕಾಲು ಆಡುತ್ತಿತ್ತಾ, ಈಗ ಆಡುತ್ತಿಲ್ಲವಾ, ಇದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಮೊದಲು ಆಡುತ್ತಿದ್ದ ಕಾಲು ಆಮೇಲೆ ನಿಂತಿದ್ದರೆ ನರದ ಮೇಲೆ ಒತ್ತಡ ಏರುತ್ತಿದೆ ಅಂತ ಅರ್ಥ ಇರಬಹುದು. ಒತ್ತಡ ಬಿಡಿಸುವ ಆಪರೇಷನ್ ಅಗತ್ಯವಿದ್ದರೆ 24 ಗಂಟೆಯ ಒಳಗೆ ಆದಷ್ಟು ಒಳ್ಳೆಯದು. ನಡುವೆ ಎಲುಬು ಕೂರಿಸುವವರ ಮನೆಗೆ ಹೋಗಿ ಎಣ್ಣೆ ತಿಕ್ಕಿಸಿಕೊಂಡು ಬಂದರೆ ಆ ಗಂಟೆಗಳು ಹೋದವು.

ವಾಹನ ಅಪಘಾತವಾದರೆ ಪೊಲೀಸ್ ಕೇಸಿನ ಹೆದರಿಕೆಯಿಂದ ದೂರ ನಿಲ್ಲಬೇಡಿ. ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೂ ಅದು ಸೇರಿದೆ.

ಇನ್ನು ನಮ್ಮ ಹೆಂಗಸರ ಬೆನ್ನು. ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತದೆ. ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತು, ಹಂಪ್ ಬಂದಾಗ ಒಮ್ಮೆ ಮೇಲೆ ಹಾರಿ ಕುಕ್ಕರಿಸಿದರೆ ಸಾಕು, ಸೊಂಟದ ಮೇಲ್ಭಾಗದ ಮೂಳೆ ಕುಸಿಯಬಹುದು. "ಬೆನ್ನು ಹಿಡಿದುಕೊಂಡಿದೆ" ಅಂತ ಮುಲಾಮು ಹಚ್ಚಿ ತಿಂಗಳು ಕಳೆಯುತ್ತೇವೆ. ಹಾರಿ ಬಿದ್ದ ಮೇಲೆ ಬೆನ್ನು ನೋವು ಬಿಡದಿದ್ದರೆ ಎಕ್ಸ್-ರೇ ತೆಗೆಸಿ. ಕಾಲಲ್ಲಿ ಬಲ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನಡೆದುಕೊಂಡು ಬಂದರು ಅಂದ ಮಾತ್ರಕ್ಕೆ ಮೂಳೆ ಮುರಿದಿಲ್ಲ ಅನ್ನುವ ಹಾಗಿಲ್ಲ.

ಆಪರೇಷನ್ ಬಗ್ಗೆ ಒಂದು ಕಹಿ ಮಾತು ಹೇಳಲೇಬೇಕು. ಡಾಕ್ಟರು ರಾಡು, ಸ್ಕ್ರೂ ಹಾಕಿ ಮೂಳೆ ನಿಲ್ಲಿಸುತ್ತಾರೆ, ನರದ ಮೇಲಿನ ಒತ್ತಡ ತೆಗೆಯುತ್ತಾರೆ. ಸತ್ತ ನರಕ್ಕೆ ಜೀವ ಬರುವುದು ಅದರಿಂದ ಅಲ್ಲ. ಕರಿಮಣಿ ಅಡವಿಟ್ಟವರಿಗೆ ಇದನ್ನು ಯಾರೂ ಮೊದಲೇ ಕೂರಿಸಿ ಹೇಳುವುದಿಲ್ಲ. ಸ್ವಲ್ಪವಾದರೂ ಸ್ಪರ್ಶ ಉಳಿದವರಿಗೆ ಚೇತರಿಕೆಯ ಆಸೆ ಹೆಚ್ಚು, ಬಹುಪಾಲು ಚೇತರಿಕೆ ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಕಾಣುತ್ತದೆ. ಕಾಲು ತಾನಾಗಿ ಜರ್ರನೆ ಎಳೆದರೆ "ಸುಧಾರಿಸಿತು" ಅಂತ ಮನೆಯವರು ಹರಕೆ ತೀರಿಸುವುದುಂಟು. ಅದು ಹೆಚ್ಚಾಗಿ ಹತೋಟಿ ತಪ್ಪಿದ ಸ್ನಾಯುವಿನ ಸೆಳೆತ. ನೂರಾರು ಮೈಲು ಅಲೆಸಿ ಗ್ಯಾರಂಟಿ ಕೊಡುವ ಔಷಧದವರ ಹತ್ತಿರ ಹೋಗುವ ಮೊದಲು ನಮ್ಮನ್ನು ಒಂದು ಮಾತು ಕೇಳಿ.

ಮನೆಗೆ ಬಂದ ಮೇಲೆ ಜೀವ ತೆಗೆಯುವುದು ಮುರಿದ ಬೆನ್ನಲ್ಲ. ಹುಣ್ಣು ಮತ್ತು ಮೂತ್ರ. ನಾವು ಒಂದೇ ಕಡೆ ಕೂತರೆ ಜೋಮು ಹಿಡಿದು ಸರಿದು ಕೂರುತ್ತೇವೆ. ಅವರಿಗೆ ಅದು ಗೊತ್ತಾಗುವುದಿಲ್ಲ. ಕೆಲವೇ ಗಂಟೆಯಲ್ಲಿ ಚರ್ಮ ಕೆಂಪಾಗಿ, ಒಳಗೆ ಕೊಳೆಯಲು ಶುರುವಾಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿ ಸಹ. ಮೊಬೈಲಿನಲ್ಲಿ ಅಲಾರಂ ಇಡಿ. ಸ್ನಾನ ಮಾಡಿಸುವಾಗ ಬೆನ್ನ ಕೆಳಗೆ, ಪಿರ್ರೆ, ಹಿಮ್ಮಡಿ ನೋಡಿ. ಗಾಲಿಕುರ್ಚಿಯಲ್ಲಿ ಕೂತವರು ಕಾಲು ಗಂಟೆಗೋ ಅರ್ಧ ಗಂಟೆಗೋ ಒಮ್ಮೆ ಕೈಯೂರಿ ಮೈ ಎತ್ತಬೇಕು. ಬಿಸಿನೀರಿನ ಚೀಲ ಇಡಬೇಡಿ, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಮಧ್ಯೆ ತೂತಿರುವ ರಬ್ಬರ್ ರಿಂಗೂ ಬೇಡ, ಅದು ಸುತ್ತಲಿನ ರಕ್ತ ತಡೆಯುತ್ತದೆ.

ಮೂತ್ರಕ್ಕೆ ವರ್ಷಗಟ್ಟಲೆ ಒಂದೇ ಟ್ಯೂಬು ಹಾಕಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರುತ್ತದೆ. ನಾಲ್ಕರಿಂದ ಆರು ಗಂಟೆಗೊಮ್ಮೆ ಕೈ ತೊಳೆದು ಸಣ್ಣ ಟ್ಯೂಬು ಹಾಕಿ, ಖಾಲಿ ಮಾಡಿ ತೆಗೆಯುವ ಕ್ರಮ ಉಂಟು. ಕೈಯಲ್ಲಿ ಬಲ ಇರುವವರು ತಾವೇ ಮಾಡಿಕೊಳ್ಳಬಹುದು, ಆಸ್ಪತ್ರೆಯಿಂದ ಬಿಡುವ ಮೊದಲು ನರ್ಸಿನ ಹತ್ತಿರ ಕಲಿಸಿ ಅಂತ ಕೇಳಿ. ನಾಚಿಕೆ ಬೇಡ. ಎದೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಮ್ಮೆಲೇ ತಲೆ ಸಿಡಿದು, ಮುಖ ಕೆಂಪಾಗಿ ಬೆವರಿದರೆ ಎಬ್ಬಿಸಿ ಕೂರಿಸಿ, ಟ್ಯೂಬು ಮಡಚಿದೆಯಾ ನೋಡಿ, ಬಿಗಿ ಬಟ್ಟೆ ಸಡಿಲಿಸಿ. ತುಂಬಿದ ಮೂತ್ರಕೋಶದಿಂದ ರಕ್ತದೊತ್ತಡ ಏರಿರಬಹುದು. ಕೂಡಲೇ ಇಳಿಯದಿದ್ದರೆ ಆಸ್ಪತ್ರೆ.

ಗಂಡ ಬಿದ್ದರೆ ಹೆಂಡತಿ ಬೀಡಿ ಕಟ್ಟಿ, ಮೈ ತೊಳೆದು ನೋಡಿಕೊಳ್ಳುತ್ತಾಳೆ. ಹೆಂಡತಿ ಬಿದ್ದರೆ? ನಾವು ನೋಡಿದ ಮಟ್ಟಿಗೆ, ಮೂರು ತಿಂಗಳೊಳಗೆ ತವರುಮನೆಗೆ ಬಿಟ್ಟುಬರುವುದು. "ಇನ್ನು ಸಂಸಾರಕ್ಕೆ ಆಗುವುದಿಲ್ಲ" ಅನ್ನುತ್ತಾರೆ. ಇದು ಸುಳ್ಳು. ಕೆಲವು ತಿಂಗಳಲ್ಲಿ ಮುಟ್ಟು ಮರಳುತ್ತದೆ, ವೈದ್ಯರ ನಿಗಾದಲ್ಲಿ ಮಗು ಹೆತ್ತವರಿದ್ದಾರೆ. ಇಂಥ ಮನೆ ನಿಮ್ಮ ಸಂಘದಲ್ಲಿದ್ದರೆ ಸುಮ್ಮನೆ ಕೂರಬೇಡಿ. ಒಂದು ಊರಿನಲ್ಲಿ ಸದಸ್ಯೆಯರು ಸರದಿ ಹಾಕಿಕೊಂಡು ಮಧ್ಯಾಹ್ನ ಮಗ್ಗುಲು ಬದಲಿಸಲು ಹೋಗುತ್ತಿದ್ದರು, ಮನೆಯಾಕೆ ಕೂಲಿಗೆ ಹೋಗಲಿ ಅಂತ. ಆ ಮನೆಯವರು ಈಗ ಕೂತಲ್ಲೇ ಅಡಿಕೆ ಸುಲಿಯುತ್ತಾರೆ, ಹುಣ್ಣಿಲ್ಲ.

ಕೇರಳದ ಡಾ. ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಎರಡು ಕಾಲು ಕಳೆದುಕೊಂಡದ್ದು ಹೀಗೆಯೇ, ಬೆನ್ನಿನ ಪೆಟ್ಟಿನಿಂದ. ಆಮೇಲೆ ಅವರು ಗಾಲಿಕುರ್ಚಿಯಲ್ಲಿ ಕೂತು ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಅಮೆರಿಕದಲ್ಲಿ ತರಬೇತಿ ಪಡೆದು ಬಂದು, 1966ರಲ್ಲಿ ಅಲ್ಲಿ ಶುರುವಾದ ಪುನರ್ವಸತಿ ಕೇಂದ್ರದ ಹಿಂದೆ ನಿಂತವರು. 1972ರಲ್ಲಿ ಪದ್ಮಶ್ರೀ ಬಂತು.

ಕೊನೆಗೆ ಹಣದ ವಿಷಯ, ಇದನ್ನು ಬರೆದುಕೊಳ್ಳಿ. ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಉಂಟು, 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ. ಎರಡೂ ಕಾಲಿನ ಸ್ವಾಧೀನ ಶಾಶ್ವತವಾಗಿ ಹೋದರೆ 2 ಲಕ್ಷ. ಮರದಿಂದ ಬಿದ್ದದ್ದಕ್ಕೂ ಸಿಗುತ್ತದೆ, ಆದರೆ ಬಿದ್ದ ಕೂಡಲೇ ಆಸ್ಪತ್ರೆಯಲ್ಲಿ "ಮರದಿಂದ ಬಿದ್ದು" ಅಂತ ದಾಖಲಾಗಿರಬೇಕು. ಮೇ ಕೊನೆಗೆ ಖಾತೆಯಲ್ಲಿ ಹಣ ಇಲ್ಲದೆ ವಿಮೆ ತಪ್ಪಿಹೋಗದ ಹಾಗೆ ನೋಡಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಬೇರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಅಂಗವಿಕಲರ ಯುಡಿಐಡಿ ಕಾರ್ಡು, ಪಿಂಚಣಿ, ಗಾಲಿಕುರ್ಚಿಯ ಅರ್ಜಿಗೆ ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅವರ ಕೆಲಸವೇ ಅದು.

ಈಗ ಊಟಕ್ಕೆ ಏಳುವ ಮೊದಲು ಪ್ರತಿ ಸಂಘದಿಂದ ಐದೈದು ಮಂದಿ ಮುಂದೆ ಬನ್ನಿ. ಚಾಪೆ ಹಾಸಿದ್ದೇವೆ, ಬೆಂಚು ಇದೆ. ಒಬ್ಬರು ಬಿದ್ದವರ ಹಾಗೆ ಮಲಗಿ. ನಗಾಡಬಹುದು, ಆದರೆ ತಲೆ ಹಿಡಿದವರು ಲೆಕ್ಕ ಹೇಳುವ ತನಕ ಯಾರೂ ಎತ್ತಬಾರದು.