ಗದ್ದೆಯ ತುದಿಯಲ್ಲಿ ಟ್ರ್ಯಾಕ್ಟರು ತಿರುಗದಿದ್ದಾಗ

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಯಂತ್ರೋಪಕರಣ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹರೂಪ)



1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ರೈತನಿಗೆ ಮೊದಲು ಬೇಕಾಗಿದ್ದದ್ದು ಸಾಲ. ಇವತ್ತು ಸಾಲ, ಗೊಬ್ಬರಗಳ ಜೊತೆಗೆ ಯಂತ್ರವೂ ಬೇಕು. ಒಬ್ಬರಿಂದ ಕೊಳ್ಳಲಾಗದ ಯಂತ್ರವನ್ನು ಎಲ್ಲರೂ ಸೇರಿ ಇಟ್ಟುಕೊಳ್ಳುವುದೂ ಸಹಕಾರವೇ. ಆದರೆ ಎಲ್ಲರ ಯಂತ್ರ ಕೆಟ್ಟು ನಿಂತರೆ ಎಲ್ಲರ ಹದವೂ ತಪ್ಪುತ್ತದೆ. ಆದ್ದರಿಂದ ದೊಡ್ಡ ತತ್ವದ ಮಾತು ಬಿಟ್ಟು, ಬಹಳ ಜನ ನಮ್ಮನ್ನು ಕೇಳಿರುವ ಒಂದು ಸಣ್ಣ ವಿಷಯವನ್ನೇ ತಮ್ಮ ಮುಂದಿಡುತ್ತೇವೆ. ನಾಲ್ಕು ಚಕ್ರಕ್ಕೂ ಬಲವಿರುವ ಟ್ರ್ಯಾಕ್ಟರು ಗದ್ದೆಯ ತುದಿಯಲ್ಲಿ ಚಿಕ್ಕ ಸುತ್ತಿನಲ್ಲಿ ತಿರುಗದಿದ್ದರೆ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು ಎಂಬುದೇ ಆ ವಿಷಯ.

ತಿರುಗುವುದರಲ್ಲಿ ಏನಿದೆ ಮಹಾ ಅಂತ ಕೇಳಬಹುದು. ಒಂದು ಲೆಕ್ಕ ನೋಡಿ. ಚೌಕವಾಗಿರುವ ಒಂದು ಎಕರೆಯ ಬದಿ ಸುಮಾರು 209 ಅಡಿ. 5 ಅಡಿ ಅಗಲದ ರೋಟವೇಟರ್ ಹಾಕಿದರೆ 42 ಸಾಲು, ಹೆಚ್ಚುಕಡಿಮೆ ಅಷ್ಟೇ ತಿರುವು. ಒಂದೊಂದು ತಿರುವಿಗೂ ಹಿಂದೆ ಮುಂದೆ ಮಾಡಿ 15 ಸೆಕೆಂಡು ಹೆಚ್ಚು ಹಿಡಿದರೆ ಎಕರೆಗೆ ಹತ್ತು ನಿಮಿಷ ಹೋಯಿತು. ಅದರ ಡೀಸೆಲ್ ಯಾರ ಲೆಕ್ಕಕ್ಕೆ? ನಮ್ಮ ಗದ್ದೆಗಳೋ ಎಲ್ಲವೂ ತುಂಡು ತುಂಡು. ತುಂಡು ಚಿಕ್ಕದಾದಷ್ಟೂ ತಿರುವು ಜಾಸ್ತಿ, ತುಳಿತ ಜಾಸ್ತಿ, ಅಂಚು ಕುಸಿಯುವುದೂ ಜಾಸ್ತಿ.

ಎತ್ತು ಕಟ್ಟಿ ಉತ್ತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುವಿನಲ್ಲಿ ಒಳಗಿನ ಎತ್ತು ನಿಂತಲ್ಲೇ ಕಾಲು ಎತ್ತಿಡುತ್ತದೆ, ಹೊರಗಿನದು ಬಿರಬಿರನೆ ನಡೆಯುತ್ತದೆ. ಟ್ರ್ಯಾಕ್ಟರಿನಲ್ಲಿ ಈ ಹೊಂದಾಣಿಕೆಯನ್ನು ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರದ ಗಂಟು ಮಾಡುತ್ತದೆ. ಇನ್ನೂ ಚಿಕ್ಕದಾಗಿ ತಿರುಗಬೇಕಾದರೆ ಒಳಗಿನ ಹಿಂದಿನ ಚಕ್ರದ ಬ್ರೇಕನ್ನು ಮಾತ್ರ ತುಳಿಯುತ್ತೇವೆ. ಬ್ರೇಕ್ ಪೆಡಲ್ ಎರಡಿರುವುದು ಇದಕ್ಕೇ.

ಮುಂದಿನ ಚಕ್ರಕ್ಕೂ ಬಲ ಕೊಟ್ಟಾಗ ಹೊಸ ತೊಡಕು ಬರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕಬೇಕು. ಆದರೆ ಮುಂದಕ್ಕೂ ಹಿಂದಕ್ಕೂ ಒಂದೇ ಗೇರಿನ ಲೆಕ್ಕದಲ್ಲಿ ಬಲ ಹೋಗುವುದರಿಂದ ಮುಂದಿನವು ಬೇಕಾದಷ್ಟು ವೇಗವಾಗಿ ಓಡಲಾರವು. ಆಗ ಅವು ಬ್ರೇಕ್ ಹಿಡಿದಂತಾಗಿ ಮಣ್ಣನ್ನು ತಳ್ಳಿಕೊಂಡು ಹೊರಗೆ ಜಾರುತ್ತವೆ. ಸುತ್ತು ದೊಡ್ಡದಾಗುತ್ತದೆ.

ಸಣ್ಣ ಗದ್ದೆಗಳ ದೇಶವಾದ ಜಪಾನಿನವರು ಇದಕ್ಕೆ ಒಂದು ಉಪಾಯ ಹುಡುಕಿದರು. ಕುಬೋಟ ಕಂಪನಿಯವರು 1980ರ ದಶಕದಲ್ಲಿ ತಂದ ಇದನ್ನು ಬೈ-ಸ್ಪೀಡ್ ಟರ್ನ್ ಅನ್ನುತ್ತಾರೆ. ಜಪಾನಿ ಭಾಷೆಯಲ್ಲಿ ‘ಬೈಸೋಕು’ ಅಂದರೆ ಎರಡರಷ್ಟು ವೇಗ. ಮುಂದಿನ ಚಕ್ರ ಸುಮಾರು 35 ಡಿಗ್ರಿಗಿಂತ ಹೆಚ್ಚು ಹೊರಳಿತು ಅಂದ ಕೂಡಲೆ, ಒಳಗಿನ ಒಂದು ಕ್ಲಚ್ ಹಿಡಿದು ಮುಂದಿನ ಚಕ್ರಗಳು ಹಿಂದಿನವುಗಳ ಹತ್ತಿರ ಹತ್ತಿರ ಎರಡರಷ್ಟು ವೇಗದಲ್ಲಿ ಓಡುತ್ತವೆ. ಮೂಗುದಾರ ಹಿಡಿದು ಎಳೆದ ಹಾಗೆ ಟ್ರ್ಯಾಕ್ಟರಿನ ಮೂತಿ ಒಳಕ್ಕೆ ಬರುತ್ತದೆ. ಸ್ಟೇರಿಂಗ್ ನೇರವಾದೊಡನೆ ಆ ಕ್ಲಚ್ ಬಿಡಬೇಕು. ಬೇರೆ ಕಂಪನಿಗಳವರೂ ಬೇರೆ ಹೆಸರಿನಲ್ಲಿ ಇಂಥದನ್ನು ಮಾಡಿದ್ದಾರೆ.

ಈಗ ದೋಷದ ಮಾತು. ಕಳೆದ ನಾಟಿ ಹಂಗಾಮಿನಲ್ಲಿ ನಾವು ಬಾಡಿಗೆಗೆ ಕೊಡುವ ಇಂಥದೇ ಸಣ್ಣ ಟ್ರ್ಯಾಕ್ಟರು ಎಡಕ್ಕೆ ಚೆನ್ನಾಗಿ ತಿರುಗುತ್ತಿತ್ತು, ಬಲಕ್ಕೆ ಮಾತ್ರ ಬಯಲಾಟದ ರಾಜನ ಹಾಗೆ ದೊಡ್ಡ ಸುತ್ತು ಹಾಕುತ್ತಿತ್ತು. ಒಂದು ಗ್ಯಾರೇಜಿನವರು ನೋಡಿದವರೇ, “ಒಳಗಿನ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಬೇಕು, ಹದಿನೈದು ದಿನ ಬಿಡಿ” ಅಂದರು. ಸಸಿ ಮಡಿಯಲ್ಲಿ ಬಲಿಯುತ್ತಿರುವಾಗ ಹದಿನೈದು ದಿನ ಬಿಡೋದು ಅಂದರೆ ಏನು ಅಂತ ತಮಗೆ ಗೊತ್ತು. ನಾವು ಒಂದು ಮಾತು ಕೇಳಿದೆವು: “ಒಳಗಿನ ಕ್ಲಚ್ ಎರಡೂ ಕಡೆಗೆ ಒಂದೇ ಅಲ್ಲವೇ? ಎಡಕ್ಕೆ ಹಿಡಿಯುವ ಪ್ಲೇಟು ಬಲಕ್ಕೆ ಯಾಕೆ ಹಿಡಿಯೋದಿಲ್ಲ?” ಉತ್ತರ ಬರಲಿಲ್ಲ. ಮನೆಗೆ ತಂದು ತೊಳೆದು ನೋಡಿದರೆ, ಮುಂದಿನ ಆಕ್ಸಲಿನಿಂದ ಹಿಂದಕ್ಕೆ ಹೋಗುವ ಸಣ್ಣ ಸರಳಿನ ಕೀಲಿನಲ್ಲಿ ಹುಲ್ಲು ಸುತ್ತಿಕೊಂಡು ಅದರ ಮೇಲೆ ಕೆಸರು ಒಣಗಿ ಗಟ್ಟಿಯಾಗಿತ್ತು. ಅದನ್ನು ಕೆರೆದು, ಎಣ್ಣೆ ಬಿಟ್ಟು, ಮಾರನೆಯ ದಿನ ಗದ್ದೆಗೆ ಇಳಿಸಿದೆವು.

ಈ ಅನುಭವದಿಂದ ಒಂದು ಕ್ರಮ ಮಾಡಿಕೊಂಡಿದ್ದೇವೆ: ಖರ್ಚಿಲ್ಲದ್ದನ್ನು ಮೊದಲು ನೋಡಬೇಕು, ಬಿಚ್ಚುವುದು ಕೊನೆಗೆ.

ಮೊದಲನೆಯದು, ಹಿಡಿಕೆಗಳು. ನಾಲ್ಕು ಚಕ್ರದ ಹಿಡಿಕೆ ಹಾಕಿದೆಯೇ? ತಿರುವಿನ ಹಿಡಿಕೆ ಅಥವಾ ಸ್ವಿಚ್ಚು ಹಾಕಿದೆಯೇ? ನಾಲ್ಕು ಚಕ್ರ ಹಾಕದೆ ಇದು ಕೆಲಸ ಮಾಡೋದಿಲ್ಲ. ನಗಬೇಡಿ, ಡ್ರೈವರ್ ಬದಲಾದ ದಿನ ಬರುವ ದೂರು ಹೆಚ್ಚಾಗಿ ಇದೇ.

ಎರಡನೆಯದು, ಸ್ಟೇರಿಂಗ್. ಚಕ್ರ ಕೊನೆಯವರೆಗೆ ಹೊರಳುತ್ತದೆಯೇ? ನೇರದಿಂದ ಎಡಕ್ಕೆ ಎಷ್ಟು ಸುತ್ತು, ಬಲಕ್ಕೆ ಎಷ್ಟು ಸುತ್ತು ಎಣಿಸಿ. ಎರಡೂ ಒಂದೇ ಇರಬೇಕು. ತಡೆ ಬೋಲ್ಟ್ ಹೆಚ್ಚು ಹೊರಬಂದಿದ್ದರೆ, ಟೈ ರಾಡ್ ಬಾಗಿದ್ದರೆ, ಅದರ ಗುಂಡುಕೀಲು ಸವೆದಿದ್ದರೆ ಚಕ್ರ ಬೇಕಾದ ಕೋನಕ್ಕೇ ಬರುವುದಿಲ್ಲ, ಕ್ಲಚ್ಚಿಗೆ ಸೂಚನೆಯೇ ಹೋಗುವುದಿಲ್ಲ.

ಮೂರನೆಯದು, ಸರಳು ಮತ್ತು ಕೇಬಲ್. ಒಂದು ಕಡೆಗೆ ಮಾತ್ರ ಕೆಲಸ ಮಾಡುತ್ತಿದ್ದರೆ ದೋಷ ಬಹುಪಾಲು ಇಲ್ಲೇ, ಇಲ್ಲವೇ ಸ್ಟೇರಿಂಗಿನಲ್ಲಿ. ತೊಳೆದು, ಕೀಲು ಸಲೀಸಾಗಿ ಆಡುತ್ತದೆಯೇ ನೋಡಿ. ಕರೆಂಟಿನಿಂದ ನಡೆಯುವ ಮಾದರಿಯಾದರೆ ಫ್ಯೂಸ್ ನೋಡಿ, ಇಲಿ ವೈರು ಕಡಿದಿದೆಯೇ ನೋಡಿ.

ನಾಲ್ಕನೆಯದು, ಎಣ್ಣೆ. ಆ ಕ್ಲಚ್ಚನ್ನು ಒತ್ತುವುದು ಎಣ್ಣೆಯ ಒತ್ತಡ. ಸಮನೆಲದಲ್ಲಿ ನಿಲ್ಲಿಸಿ ಮಟ್ಟ ನೋಡಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಫಿಲ್ಟರ್ ಬದಲಾಯಿಸಿ ಎಷ್ಟು ಗಂಟೆ ಆಯಿತು ಅಂತ ಪುಸ್ತಕ ನೋಡಿ. ಇಲ್ಲೊಂದು ಗುರುತಿದೆ: ತಿರುವಿನ ಜೊತೆಗೆ ಹಿಂದಿನ ಲಿಫ್ಟೂ ನಿಧಾನವಾಗಿ ಏಳುತ್ತಿದ್ದರೆ ಎಣ್ಣೆ, ಫಿಲ್ಟರ್, ಪಂಪಿನ ಕಡೆ ಹೋಗಿ. ಲಿಫ್ಟ್ ಚೆನ್ನಾಗಿದ್ದು ತಿರುವು ಮಾತ್ರ ಕೈಕೊಟ್ಟರೆ ತಿರುವಿನ ಸರಳು, ವಾಲ್ವ್, ಕ್ಲಚ್ ನೋಡಿ.

ಐದನೆಯದು, ಟಯರು. ಮುಂದಿನ ಮತ್ತು ಹಿಂದಿನ ಟಯರಿನ ಸುತ್ತಳತೆಗೆ ಗೇರಿನ ಲೆಕ್ಕ ಹೊಂದಿಸಿರುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಅಳತೆಯದನ್ನು ಹಾಕಿದರೆ ಆ ಲೆಕ್ಕ ಕೆಡುತ್ತದೆ, ಗೇರು ಸವೆಯುತ್ತದೆ. ಗಾಳಿಯೂ ಎರಡೂ ಕಡೆ ಸಮನಾಗಿರಲಿ.

ಈ ಐದೂ ಸರಿ ಇದ್ದು, ಎರಡೂ ಕಡೆಗೆ ತಿರುವು ಹಿಡಿಯದಿದ್ದರೆ ಆಗ ಮೆಕ್ಯಾನಿಕ್‌ನನ್ನು ಕರೆಯಿರಿ. ಮೊದಲು ಮೀಟರ್ ಹಾಕಿ ಎಣ್ಣೆಯ ಒತ್ತಡ ನೋಡಲು ಹೇಳಿ. ಒತ್ತಡ ಸರಿಯಿದ್ದೂ ಕ್ಲಚ್ ಜಾರಿದರೆ ಪ್ಲೇಟ್ ಸವೆದಿದೆ ಅಂತ ನಂಬಬಹುದು.

ಪರೀಕ್ಷೆ ಮಾಡುವ ಬಗೆಯನ್ನೂ ಹೇಳಿಬಿಡುತ್ತೇವೆ. ಉತ್ತ ಮೆತ್ತನೆಯ ಸಮನೆಲ ಇರಲಿ. ಕೆಳಗಿನ ಗೇರು, ಕಡಿಮೆ ಆಕ್ಸಿಲರೇಟರ್ ಇರಲಿ, ಹಿಂದೆ ಏನೂ ಕಟ್ಟಿರಬಾರದು. ಮಕ್ಕಳು ಹತ್ತಿರ ಬರಬಾರದು. ತಿರುವಿನ ಹಿಡಿಕೆ ತೆಗೆದು ಒಂದು ಸುತ್ತು, ಹಾಕಿ ಒಂದು ಸುತ್ತು ಹೊಡೆಯಿರಿ. ಇಳಿದು ಮಣ್ಣಿನ ಮೇಲಿನ ಎರಡೂ ಸುತ್ತುಗಳ ಅಗಲವನ್ನು ಹಗ್ಗದಿಂದ ಅಳೆದು ಪುಸ್ತಕದಲ್ಲಿ ಬರೆಯಿರಿ. ಎಡಕ್ಕೂ ಬಲಕ್ಕೂ ಹೀಗೇ ಮಾಡಿ. ಟ್ರ್ಯಾಕ್ಟರು ಚೆನ್ನಾಗಿರುವಾಗಲೇ ಈ ಅಳತೆ ಬರೆದಿಟ್ಟರೆ ಮುಂದೆ ಯಾರ ಬಾಯಿಮಾತೂ ಬೇಕಾಗುವುದಿಲ್ಲ. ಕೀಲು ಮುಟ್ಟುವ ಮುನ್ನ ಇಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ.

ಇದರ ತಿರುಗುಮುರುಗಾದ ದೋಷ ಇನ್ನೂ ಅಪಾಯದ್ದು. ಸ್ಟೇರಿಂಗ್ ನೇರ ಮಾಡಿದ ಮೇಲೂ ಮುಂದಿನ ಚಕ್ರ ಜೋರಾಗಿಯೇ ಓಡುತ್ತಿದ್ದರೆ, ಮಣ್ಣು ಎರಚಿ ಮೂತಿ ಎಳೆದಾಡುತ್ತಿದ್ದರೆ ಅಲ್ಲೇ ನಿಲ್ಲಿಸಿ. ತಿರುವಿನ ಹಿಡಿಕೆ ತೆಗೆಯಿರಿ, ಮುಂದಿನ ಚಕ್ರದ ಬಲ ಬಿಡಿಸಿ, ನಿಧಾನಕ್ಕೆ ಮನೆಗೆ ತನ್ನಿ. ‘ಇವತ್ತೊಂದು ದಿನ ಉಳುಮೆ ಮುಗಿಸೋಣ’ ಅನ್ನಬೇಡಿ.

ಕೊನೆಯ ಮಾತು ಜೀವದ ಮಾತು. ಚಿಕ್ಕದಾಗಿ ತಿರುಗಿಸುವ ಯಾವ ಉಪಾಯವೂ ಗದ್ದೆಗೆ ಮಾತ್ರ, ರಸ್ತೆಗಲ್ಲ. ರಸ್ತೆಗೆ ಏರುವ ಮುಂಚೆ ಎರಡು ಬ್ರೇಕ್ ಪೆಡಲಿಗೂ ಚಿಲಕ ಹಾಕಬೇಕು. ವೇಗದಲ್ಲಿದ್ದಾಗ ಒಂದೇ ಪೆಡಲಿನ ಮೇಲೆ ಕಾಲು ಬಿದ್ದರೆ ಟ್ರ್ಯಾಕ್ಟರು ಸೆಟೆದು ಮಗುಚುತ್ತದೆ. ಹಾಗೆಯೇ ರಸ್ತೆಯಲ್ಲಿ, ಇಳಿಜಾರಿನಲ್ಲಿ, ಟ್ರೈಲರ್ ಕಟ್ಟಿದಾಗ ಎರಡು ವೇಗದ ತಿರುವಿನ ಹಿಡಿಕೆ ತೆಗೆದಿರಬೇಕು. ಟಿಲ್ಲರ್ ಹಿಡಿದವರು ಇದನ್ನು ಬಲ್ಲರು: ಮಟ್ಟದ ನೆಲದಲ್ಲಿ ಯಾವ ಕಡೆಯ ಕ್ಲಚ್ ಒತ್ತುತ್ತೇವೋ ಆ ಕಡೆಗೆ ತಿರುಗುವ ಟಿಲ್ಲರು, ಕಡಿದಾದ ಇಳುಕಲಿನಲ್ಲಿ ಉಲ್ಟಾ ಕಡೆಗೆ ನುಗ್ಗುತ್ತದೆ. ಯಂತ್ರ ಅದೇ, ನೆಲ ಬೇರೆ.

ಸದಸ್ಯರಲ್ಲಿ ನಮ್ಮ ಬೇಡಿಕೆ ಎರಡೇ. ಬಾಡಿಗೆಗೆ ಒಯ್ದವರು ಸಂಜೆ ಆಕ್ಸಲಿನ ಕೆಳಗಿನ ಕೆಸರು ತೊಳೆದು ಒಪ್ಪಿಸಬೇಕು. ಕಂಡ ದೋಷವನ್ನು ಮುಚ್ಚಿಡದೆ ಪುಸ್ತಕದಲ್ಲಿ ಬರೆಯಬೇಕು. ಬರೆದವರಿಗೆ ದಂಡ ಹಾಕುವುದು ಬೇಡ ಅಂತ ಆಡಳಿತ ಮಂಡಳಿಯನ್ನೂ ಕೇಳಿಕೊಳ್ಳುತ್ತೇವೆ. ದಂಡದ ಹೆದರಿಕೆಗೆ ಇವತ್ತು ಒಬ್ಬರು ಸುಮ್ಮನಾದರೆ, ನಾಳೆ ಆ ಸೀಟಿನ ಮೇಲೆ ಕೂರುವವನು ನಮ್ಮದೇ ಊರಿನ ಹುಡುಗ.