ಬೀದಿಯಲ್ಲಿ ಕಲಿತ ಹಾಡು



ಕಲೆಯ ಕುರಿತು ಮಾತಾಡುತ್ತೇನೆಂದಾಗ ಯಕ್ಷಗಾನದ ವಿಷಯವೇ ಬರುತ್ತದೆಂದು ತಾವು ಎಣಿಸಿರಬಹುದು. ನಾನು ಹೇಳಹೊರಟದ್ದು ಘಟ್ಟದ ಮೇಲಿನ ಮಂಜಮ್ಮ ಜೋಗತಿಯವರ ಬಗ್ಗೆ.

ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದಾಗ ಅವರ ಹೆಸರು ಮಂಜುನಾಥ ಶೆಟ್ಟಿ. ಹುಡುಗನಾಗಿ ಹುಟ್ಟಿದರೂ ಒಳಗಿನ ಭಾವ ಹೆಣ್ಣಿನದು. ಹೊಸಪೇಟೆ ಸಮೀಪದ ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯ ದೀಕ್ಷೆಯಾಯಿತು. ಆಮೇಲೆ ಮನೆಯಲ್ಲಿ ನೆಲೆಯಿಲ್ಲ. ವಿಷ ಕುಡಿದರು, ಬದುಕಿ ಉಳಿದರು. ಸೀರೆಯುಟ್ಟು ಬೀದಿಯಲ್ಲಿ ಬೇಡಿದರು.

ಒಂದು ದಿನ ದಾವಣಗೆರೆಯ ಬಸ್‌ ನಿಲ್ದಾಣದ ಬಳಿ ತಂದೆ-ಮಗ ಕಂಡರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ಅವರಿಂದಲೇ ಆ ವಿದ್ಯೆ ಕಲಿತರು. ಮುಂದೆ ಕಾಳವ್ವ ಜೋಗತಿಯವರ ತಂಡ ಸೇರಿ, ಅವರ ಕಾಲಾನಂತರ ತಾವೇ ತಂಡ ನಡೆಸಿದರು.

ಅದು ಸುಲಭದ ವಿದ್ಯೆಯಲ್ಲ. ಚೌಡಿಕೆಗೆ ಇರುವುದು ಒಂದೇ ತಂತಿ. ಅದನ್ನು ಬಿಗಿ ಮಾಡುತ್ತ, ಸಡಿಲಿಸುತ್ತ ಮೀಟಿ ನಾದ ತೆಗೆಯಬೇಕು. ತಲೆಯ ಮೇಲಿನ ಕೊಡಕ್ಕೆ ಕೈಯ ಆಸರೆಯಿಲ್ಲ. ಕಥೆಯೆಲ್ಲ ಬಾಯಿಪಾಠ. ಯಾವ ಕಥೆ? ರೇಣುಕೆ ಎಲ್ಲಮ್ಮನದು. ಕೊಡಲಿ ಎಸೆದು ಕಡಲನ್ನು ಸರಿಸಿ ನಮ್ಮ ತುಳುನಾಡನ್ನು ಪಡೆದವನೆಂದು ನಾವು ಹೇಳುವ ಪರಶುರಾಮನ ತಾಯಿ ಅವಳು. ಮಗನ ಪ್ರತಾಪವನ್ನು ನಾವು ನೆನಪಿಟ್ಟುಕೊಂಡೆವು. ಅದೇ ಮಗನ ಕೊಡಲಿಗೆ ತಲೆ ಕೊಟ್ಟ ತಾಯಿಯ ದುಃಖವನ್ನು ಅಲ್ಲಿ ಮನೆಮನೆ ಬೇಡುವವರು ಹಾಡಿ ಉಳಿಸಿದರು.

2010ರಲ್ಲಿ ಮಂಜಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಲಿಂಗತ್ವ ಅಲ್ಪಸಂಖ್ಯಾತರೊಬ್ಬರು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ತಾವೂ ಟಿ.ವಿ.ಯಲ್ಲಿ ನೋಡಿರಬಹುದು. ರಾಷ್ಟ್ರಪತಿ ಭವನಕ್ಕೆಂದು ಬೇರೆ ನಡವಳಿಕೆ ಕಲಿತು ಹೋದವರಲ್ಲ ಅವರು. ನನಗೆ ಪ್ರಶಸ್ತಿಗಿಂತ ಅದೇ ದೊಡ್ಡದಾಗಿ ಕಂಡಿತು.

ಅಧ್ಯಾಪಕರಲ್ಲಿ ಒಂದು ಕೇಳಿಕೆ. ಹೆಣ್ಣಿನ ಹಾಗೆ ನಡೆಯುವ ಹುಡುಗನೊಬ್ಬ ತರಗತಿಗೆ ಬಂದರೆ ಅಡ್ಡಹೆಸರು ಬೀಳಲು ಒಂದು ವಾರ ಸಾಕು. ಆಟದಲ್ಲಿ ಸ್ತ್ರೀವೇಷಕ್ಕೆ ಚಪ್ಪಾಳೆ ತಟ್ಟುವ ಊರು ನಮ್ಮದು. ವೇಷ ಕಳಚಿದ ಮೇಲೂ ಆ ಹುಡುಗನಿಗೆ ಇಲ್ಲಿ ಬೆಂಚು ಇರಲಿ, ಹತ್ತನೆಯ ತರಗತಿ ಮುಗಿಯುವವರೆಗೂ ಇರಲಿ.

ಮಂಜಮ್ಮನ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’. ಅವರು ಹೇಳಿದ್ದನ್ನು ಅರುಣ್ ಜೋಳದಕೂಡ್ಲಿಗಿಯವರು ಬರೆದಿದ್ದಾರೆ. ಅದರ ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆಂದು ತಂದಿದ್ದೇನೆ. ದಯವಿಟ್ಟು ಕಪಾಟಿನೊಳಗಿಟ್ಟು ಬೀಗ ಹಾಕಬೇಡಿ.