ಕಂಪನಿಯ ಹಣ, ಮಕ್ಕಳಿಗೆ ಕೊಟ್ಟ ಮಾತು

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳ ಸಭೆಯಲ್ಲಿ ಸಂಸ್ಥೆಯ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)



ಇವತ್ತಿನ ಸಭೆಯ ವಿಷಯ ನಿಮಗೆ ತಿಳಿದೇ ಇದೆ. ನಮ್ಮ ಯುವ ಮಾರ್ಗದರ್ಶನ ಕಾರ್ಯಕ್ರಮಕ್ಕೆ ಹಣ ಕೊಡಲು ಒಂದು ಕಂಪನಿ ಮುಂದೆ ಬಂದಿದೆ. ಎಸ್.ಎಸ್.ಎಲ್.ಸಿ. ಮುಗಿಸಿದ ನೂರು ಮಕ್ಕಳನ್ನು ಸೇರಿಸಿಕೊಳ್ಳಿ, ಒಂದು ವರ್ಷದ ಖರ್ಚು ನಮ್ಮದು ಎನ್ನುತ್ತಿದ್ದಾರೆ. ಒಪ್ಪಬೇಕೋ ಬೇಡವೋ, ಒಪ್ಪಿದರೆ ಯಾವ ಷರತ್ತಿನ ಮೇಲೆ ಎಂಬುದನ್ನು ನೀವು ತೀರ್ಮಾನಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಬೆಳಿಗ್ಗೆ ಬಸ್ ಇಳಿಯುವಾಗಲೇ ಒಬ್ಬರು ಕೇಳಿದರು, "ಏನ್ ಸಿಸ್ಟರ್, ಬಾಗಿಲಿಗೆ ಬಂದ ಲಕ್ಷ್ಮೀನ ಬೇಡ ಅಂತೀರಾ?" ಬೇಡ ಅನ್ನೋದಿಲ್ಲ ಅಮ್ಮಾ. ಆದರೆ ಒಳಗೆ ಕರೆಯುವ ಮೊದಲು ಮನೆಯನ್ನು ಒಮ್ಮೆ ನೋಡಿಕೊಳ್ಳೋಣ ಅಂತೀನಿ.

ಈ ಕೆಲಸ ಎಂಥದು?

ಹೊಸ ಸದಸ್ಯರಿಗಾಗಿ ಎರಡು ಮಾತು. ಒಂದು ಮಗುವಿಗೆ ಒಬ್ಬ ಹಿರಿಯ ಸ್ನೇಹಿತರು. ಹೆಣ್ಣು ಮಗುವಿಗೆ ಒಬ್ಬ ಅಕ್ಕ, ಗಂಡು ಹುಡುಗನಿಗೆ ಒಬ್ಬ ಅಣ್ಣ. ಹದಿನೈದು ದಿನಕ್ಕೊಮ್ಮೆ ಕೂತು ಮಾತಾಡೋದು, ನಡುವೆ ಫೋನಿನಲ್ಲಿ ವಿಚಾರಿಸೋದು. ಮುಂದೆ ಏನು ಓದಬೇಕು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹೇಗೆ ಹಾಕಬೇಕು, ಅಪ್ಪ ಕುಡಿದು ಬಂದ ರಾತ್ರಿ ಎಲ್ಲಿ ಕೂತು ಓದಬೇಕು, ಹೀಗೆ ಎಲ್ಲ ವಿಷಯ. ಪಾಠ ಹೇಳುವುದಲ್ಲ, ಜೊತೆಗಿರುವುದು.

ಇದು ಹಳೆಯ ಕೆಲಸ. 1904ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಮಕ್ಕಳ ನ್ಯಾಯಾಲಯದ ಗುಮಾಸ್ತರಾಗಿದ್ದ ಅರ್ನೆಸ್ಟ್ ಕೋಲ್ಟರ್ ಎಂಬುವರು, ಕಟಕಟೆಗೆ ಬರುವ ಹುಡುಗರನ್ನು ನೋಡಿ ನೋಡಿ ಮನನೊಂದು, ಒಂದು ಸಭೆಯಲ್ಲಿ ನಿಂತು ಕೇಳಿಕೊಂಡರು. ಅಲ್ಲಿದ್ದ 40 ಜನ ತಲಾ ಒಬ್ಬ ಹುಡುಗನಿಗೆ ಅಣ್ಣನಾಗಲು ಒಪ್ಪಿದರು. ಮುಂದೆ ಅದೇ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಎಂಬ ದೊಡ್ಡ ಸಂಸ್ಥೆಯಾಯಿತು. ನಮ್ಮ ಬೆಂಗಳೂರಿನಲ್ಲೂ 2009ರಲ್ಲಿ 'ಮೆಂಟರ್ ಟುಗೆದರ್' ಎಂಬ ಸಂಸ್ಥೆ ಇದೇ ಕೆಲಸಕ್ಕಾಗಿ ಹುಟ್ಟಿತು.

ಇದರಿಂದ ಪ್ರಯೋಜನ ಉಂಟಾ ಅಂತ ಕೇಳಬಹುದು. ಆ ಅಮೆರಿಕದ ಸಂಸ್ಥೆಯ 10ರಿಂದ 16 ವಯಸ್ಸಿನ 959 ಮಕ್ಕಳನ್ನು ಒಂದೂವರೆ ವರ್ಷ ಗಮನಿಸಿ 1995ರಲ್ಲಿ ವರದಿ ಪ್ರಕಟಿಸಿದರು. ಹಿರಿಯ ಸ್ನೇಹಿತರು ಸಿಕ್ಕ ಮಕ್ಕಳಲ್ಲಿ ಮಾದಕ ವಸ್ತು ಶುರು ಮಾಡುವ ಸಂಭವ, ಇನ್ನೂ ಸರದಿಯಲ್ಲಿ ಕಾಯುತ್ತಿದ್ದ ಮಕ್ಕಳಿಗಿಂತ ಶೇ. 46ರಷ್ಟು ಕಡಿಮೆ ಇತ್ತು. ಶಾಲೆ ತಪ್ಪಿಸುವುದೂ ಕಡಿಮೆಯಾಗಿತ್ತು.

ಇನ್ನೊಂದು ಮಾತನ್ನು ಗಮನವಿಟ್ಟು ಕೇಳಿ. ಅದೇ ಮಕ್ಕಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿ 2002ರಲ್ಲಿ ಮತ್ತೊಂದು ಅಧ್ಯಯನ ಬಂತು. ಸಂಬಂಧ ಒಂದು ವರ್ಷ ಮತ್ತು ಅದಕ್ಕಿಂತ ಹೆಚ್ಚು ಉಳಿದಲ್ಲಿ ಹೆಚ್ಚು ಲಾಭ ಕಂಡಿತು. ಮೂರು ತಿಂಗಳೊಳಗೇ ಕಡಿದುಹೋದಲ್ಲಿ ಮಕ್ಕಳಿಗೆ ತಮ್ಮ ಬಗ್ಗೆ ತಮಗಿದ್ದ ಗೌರವವೇ ಕುಗ್ಗಿತ್ತು. ಅಂದರೆ ಅರ್ಧಕ್ಕೆ ಬಿಟ್ಟರೆ ಲಾಭವಿಲ್ಲ ಎಂದಷ್ಟೇ ಅಲ್ಲ, ನಷ್ಟ ಉಂಟು. ಕೊಳವೆಬಾವಿ ಅರ್ಧಕ್ಕೆ ನಿಂತರೆ ಹಣ ಹೋಯಿತು ಅನ್ನಬಹುದು. ಇಲ್ಲಿ ಹೋಗೋದು ಮಗುವಿನ ನಂಬಿಕೆ.

ನಾವು ಮಾಡಿದ ತಪ್ಪು

ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ, ಬೇರೆ ತಾಲ್ಲೂಕಿನಲ್ಲಿದ್ದಾಗ, ಒಂದು ಕಂಪನಿ ಇದೇ ರೀತಿ ಬಂತು. 60 ಮಕ್ಕಳು ಬೇಕು ಅಂದರು. ತರಬೇತಿ ಪಡೆದ ಅಕ್ಕ ಅಣ್ಣಂದಿರು ನಮ್ಮಲ್ಲಿದ್ದದ್ದು 25 ಜನ ಮಾತ್ರ. ಆದರೂ ಹಣ ಕೈ ತಪ್ಪಬಾರದು ಅಂತ ನಾನೇ ಒಪ್ಪಿಕೊಂಡೆ. ಒಬ್ಬೊಬ್ಬರ ಹೆಗಲಿಗೆ ಎರಡು, ಮೂರು ಮಕ್ಕಳನ್ನು ಕಟ್ಟಿದೆವು. ಬೇರೆಲ್ಲೂ ಒಂದು ರೂಪಾಯಿ ಸಂಗ್ರಹಿಸಲಿಲ್ಲ. ಎರಡನೇ ವರ್ಷದ ಕೊನೆಗೆ ಪತ್ರ ಬಂತು, ಈ ವರ್ಷ ನಮ್ಮ ಆದ್ಯತೆ ಬದಲಾಗಿದೆ, ಧನ್ಯವಾದಗಳು ಅಂತ. ಸಂಯೋಜಕಿಗೆ ಸಂಬಳವಿಲ್ಲ, ಬಸ್ ಚಾರ್ಜಿಗೆ ಹಣವಿಲ್ಲ. ತಿಂಗಳೊಳಗೆ ಎಲ್ಲ ನಿಂತಿತು. ಮಕ್ಕಳಿಗೆ ಸರಿಯಾಗಿ ಹೇಳಿ ಬೀಳ್ಕೊಡಲೂ ಇಲ್ಲ.

ಮೂರು ಶನಿವಾರ ಕಳೆದ ಮೇಲೆ ಒಂದು ಹುಡುಗಿ ಕಛೇರಿಯ ಜಗಲಿ ಮೇಲೆ ಕೂತಿದ್ದಳು. ಪ್ರತಿ ಶನಿವಾರವೂ ಬಂದು ಕಾದು ಹೋಗಿದ್ದಳಂತೆ. ನನ್ನನ್ನು ನೋಡಿ, "ಸಿಸ್ಟರ್, ಅಕ್ಕ ಯಾಕೆ ಬರ್ತಿಲ್ಲ? ನಾನೇನಾದ್ರೂ ತಪ್ಪು ಮಾಡಿದ್ನಾ?" ಅಂತ ಕೇಳಿದಳು. ಕಂಪನಿಯ ಆದ್ಯತೆ ಬದಲಾಯಿತು ಅಂತ ಆ ಮಗುವಿಗೆ ಹೇಗೆ ಹೇಳೋದು? ತಪ್ಪು ಅವಳದ್ದಲ್ಲ. ಕಂಪನಿಯದ್ದೂ ಪೂರ್ತಿ ಅಲ್ಲ, ಅವರು ಮಾತು ಕೊಟ್ಟದ್ದು ಒಂದೊಂದು ವರ್ಷಕ್ಕೆ ಮಾತ್ರ. ಮಕ್ಕಳಿಗೆ ಮಾತು ಕೊಟ್ಟವರು ನಾವು.

ಕಂಪನಿ ಹಣ ಎಲ್ಲಿಂದ ಬರುತ್ತದೆ?

ಸಿ.ಎಸ್.ಆರ್. ಎಂಬ ಪದ ನೀವು ಕೇಳಿದ್ದೀರಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂದರ್ಥ. 2013ರ ಕಂಪನಿ ಕಾಯಿದೆಯ 135ನೇ ಕಲಂ ಇದನ್ನು ಕಡ್ಡಾಯ ಮಾಡಿತು. 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಆ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಬಳಸಬೇಕೆಂದು ಆಗ ನಿಗದಿ ಮಾಡಿದರು. ಹಾಗಾಗಿ ಲಾಭ ಇಳಿದರೆ ಈ ಹಣವೂ ಇಳಿಯುತ್ತದೆ. ಮಳೆ ನಂಬಿ ಬಿತ್ತಿದ ಹಾಗೆ.

ಈ ಹಣವನ್ನು ಸಂಘವಾಗಿ ನಾವು ನೇರ ಪಡೆಯಲು ಆಗುವುದಿಲ್ಲ. ನೋಂದಾಯಿತ ಟ್ರಸ್ಟ್, ಸೊಸೈಟಿಯಂಥ ಸಂಸ್ಥೆಯ ಮೂಲಕವೇ ಬರಬೇಕು. ಆ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ, ನಾವು 12ಎ, 80ಜಿ ಎಂದು ಕರೆದುಕೊಂಡು ಬಂದದ್ದು, ಇರಬೇಕು. ಇಂಥ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ಬೇಕು. 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ಎಂಬ ನಮೂನೆ ತುಂಬಿ ಸರ್ಕಾರದಿಂದ ನೋಂದಣಿ ಸಂಖ್ಯೆಯನ್ನೂ ಪಡೆಯಬೇಕು.

ಇದೆಲ್ಲ ಕಷ್ಟ ಅನ್ನಿಸುತ್ತಾ? ನೀವು ಇದನ್ನು ಆಗಲೇ ಮಾಡಿದ್ದೀರಿ! 1992ರಲ್ಲಿ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿದಾಗ, ಬಡ ಹೆಂಗಸರಿಗೆ ಅಡಮಾನವಿಲ್ಲದೆ ಸಾಲ ಕೊಡಬಹುದು ಅಂತ ಎಷ್ಟು ಜನ ನಂಬಿದ್ದರು? ಇವತ್ತು ಬ್ಯಾಂಕಿನವರು ನಿಮ್ಮ ಬಳಿ ಏನು ನೋಡುತ್ತಾರೆ? ಸಭೆ ಸರಿಯಾಗಿ ನಡೆದಿದೆಯಾ, ಉಳಿತಾಯ ಕಟ್ಟಿದ್ದಾರಾ, ಪುಸ್ತಕ ಬರೆದಿದ್ದಾರಾ. ಕಂಪನಿ ನೋಡೋದೂ ಅದನ್ನೇ. ಮೊದಲು ನಮ್ಮ ಉಳಿತಾಯ, ಆಮೇಲೆ ಬ್ಯಾಂಕಿನ ಸಾಲ. ಈ ಕ್ರಮ ಕಲಿಸಿದ್ದು ನಿಮ್ಮ ಸಂಘವೇ. ಮಕ್ಕಳ ಕೆಲಸದಲ್ಲಿ ನಾನು ಅದನ್ನು ತಿರುಗಿಸಿ ಮಾಡಿದೆ, ಅದಕ್ಕೇ ಬಿದ್ದೆ.

ಒಲೆಗೆ ಮೂರು ಗುಂಡು

ಒಲೆಗೆ ಮೂರು ಗುಂಡು ಇಟ್ಟರೆ ಮಡಕೆ ನಿಲ್ಲುತ್ತದೆ. ಒಂದೇ ಗುಂಡಿನ ಮೇಲೆ ಯಾರಾದರೂ ಮಡಕೆ ಇಡುತ್ತಾರಾ? ನಮ್ಮ ಕಾರ್ಯಕ್ರಮಕ್ಕೂ ಮೂರು ಗುಂಡು ಬೇಕು.

ಮೊದಲನೆಯದು, ನಮ್ಮದೇ ಹಣ. ಒಂದು ಲೆಕ್ಕ ಹಾಕೋಣ. 40 ಸಂಘ, ಸಂಘಕ್ಕೆ 15 ಜನ ಅಂದರೆ 600 ಸದಸ್ಯರು. ತಿಂಗಳಿಗೆ ತಲಾ 10 ರೂಪಾಯಿ ಕೊಟ್ಟರೆ 6,000 ರೂಪಾಯಿ. ವರ್ಷಕ್ಕೆ 72,000. ಒಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿ ಖರ್ಚು ಅಂತ ಇಟ್ಟುಕೊಂಡರೆ, 40 ಮಕ್ಕಳಿಗೆ ತಿಂಗಳಿಗೆ 20,000 ಬೇಕು. ಕಂಪನಿ ಹಣ ನಾಳೆ ನಿಂತರೂ ನಮ್ಮ ಹಣದಲ್ಲಿ ಮೂರೂವರೆ ತಿಂಗಳು ನಡೆಸಬಹುದು. ಎರಡು ವರ್ಷ ಕೂಡಿಟ್ಟರೆ ಏಳು ತಿಂಗಳು. ಅಷ್ಟರಲ್ಲಿ ಬೇರೆ ದಾರಿ ಹುಡುಕಬಹುದು, ಕೊನೆಗೆ ಏನೂ ಆಗದಿದ್ದರೆ ಮಕ್ಕಳಿಗೆ ತಿಳಿಸಿ, ಗೌರವದಿಂದ ಮುಗಿಸಬಹುದು. ಹನಿ ಹನಿ ಕೂಡಿದರೆ ಹಳ್ಳ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ.

ಎರಡನೆಯದು, ಊರಿನ ಹಣ. ಅಕ್ಕಿ ಗಿರಣಿಯವರು, ಬಟ್ಟೆ ಅಂಗಡಿಯವರು, ತೋಟದ ಮಾಲೀಕರು, ಸಹಕಾರ ಸಂಘ, ಊರು ಬಿಟ್ಟು ಹೋಗಿ ಕೆಲಸದಲ್ಲಿರುವ ನಮ್ಮದೇ ಮಕ್ಕಳು. ಇವರನ್ನು ಕೇಳಲು ಸಂಕೋಚ ಬೇಡ, ನಮಗಾಗಿ ಕೇಳುವುದಲ್ಲವಲ್ಲ. ಆದರೆ ಪ್ರತಿ ರೂಪಾಯಿಗೂ ರಸೀದಿ ಹರಿಯಬೇಕು. ತೆರಿಗೆ ರಿಯಾಯಿತಿ ಬೇಕೆನ್ನುವವರು 2,000 ರೂಪಾಯಿಗಿಂತ ಹೆಚ್ಚಿನದನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು. ಅಂಥವರಿಗೆ ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಲು ಹೇಳಿ. ವರ್ಷಕ್ಕೊಮ್ಮೆ ಲೆಕ್ಕದ ಹಾಳೆ ಅವರ ಕೈಗೆ ತಲುಪಿಸಿ. ಮುಂದಿನ ವರ್ಷ ಅವರೇ ಕರೆದು ಕೊಡುತ್ತಾರೆ.

ಮೂರನೆಯದು, ಕಂಪನಿ ಹಣ. ಇದು ಬೇಕು. ಹೆಚ್ಚು ಮಕ್ಕಳನ್ನು ತಲುಪಲು ಇದರಿಂದಲೇ ಸಾಧ್ಯ. ಆದರೆ ಇದು ಮೂರನೇ ಗುಂಡು, ಒಂದೇ ಗುಂಡು ಅಲ್ಲ.

ಒಪ್ಪಂದಕ್ಕೆ ಮುಂಚೆ ಕೇಳಬೇಕಾದ್ದು

1. ಎಷ್ಟು ವರ್ಷ? ಒಂದೇ ವರ್ಷಕ್ಕೆ ಕೊಡಬೇಕೆಂದು ಕಾನೂನು ಹೇಳುವುದಿಲ್ಲ. ಮುಂದುವರಿಯುವ ಯೋಜನೆ ಎಂದು ಕಂಪನಿಯ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಲು ನಿಯಮದಲ್ಲೇ ಅವಕಾಶವಿದೆ. ಅದನ್ನು ನಾವು ಧೈರ್ಯವಾಗಿ ಕೇಳಬೇಕು. ನಿಲ್ಲಿಸುವುದಾದರೆ ಆರು ತಿಂಗಳು ಮುಂಚೆ ತಿಳಿಸಬೇಕೆಂದು ಬರೆಸಿಕೊಳ್ಳಬೇಕು.

2. ಸಂಯೋಜಕಿಯ ಸಂಬಳ ಸೇರಿದೆಯಾ? "ಅಕ್ಕ ಅಣ್ಣಂದಿರು ಸಂಬಳವಿಲ್ಲದೆ ಬರ್ತಾರಲ್ಲ, ಮತ್ತೆ ಖರ್ಚು ಯಾತಕ್ಕೆ?" ಅಂತಾರೆ. ಅವರನ್ನು ಹುಡುಕಿ, ಪೊಲೀಸ್ ಪರಿಶೀಲನೆ ಮಾಡಿಸಿ, ತರಬೇತಿ ಕೊಟ್ಟು, ಯಾರು ಬಂದಿಲ್ಲ, ಯಾವ ಮಗು ಮಂಕಾಗಿದೆ ಎಂದು ನೋಡುವವರು ಬೇಡವೇ? ಕೆಲವರು "ಆಡಳಿತ ವೆಚ್ಚ ಶೇ. 5 ದಾಟುವಂತಿಲ್ಲ, ಸಂಬಳ ಕೊಡಲಾಗದು" ಎನ್ನುತ್ತಾರೆ. ಆ ಶೇ. 5ರ ಮಿತಿ ಕಂಪನಿಯು ತನ್ನ ಸಿ.ಎಸ್.ಆರ್. ವಿಭಾಗ ನಡೆಸುವ ಖರ್ಚಿಗೆ. ಯೋಜನೆಯನ್ನೇ ನಡೆಸುವ, ನೋಡಿಕೊಳ್ಳುವ ಖರ್ಚು ಅದರಲ್ಲಿ ಬರುವುದಿಲ್ಲ. ಇದನ್ನು ವಿನಯದಿಂದಲೇ ಹೇಳಿ.

3. ಎಷ್ಟು ಮಕ್ಕಳು? ಸಂಖ್ಯೆ ನಿಗದಿ ಮಾಡುವವರು ನಾವು. ತರಬೇತಿಯಾದ ಅಕ್ಕ ಅಣ್ಣಂದಿರು ಎಷ್ಟೋ ಮಕ್ಕಳು ಅಷ್ಟೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

4. ಕಂಪನಿ ನೌಕರರು ಅಕ್ಕ ಅಣ್ಣ ಆಗುವುದಾದರೆ? ಬಹಳ ಸಂತೋಷ. ಆದರೆ ಒಂದು ವರ್ಷ ಬಿಡದೆ ಬರುತ್ತೇನೆಂದು ಮಾತು ಕೊಡಬೇಕು. ತರಬೇತಿ, ಪರಿಶೀಲನೆ ಅವರಿಗೂ ಉಂಟು. ಭೇಟಿ ನಾಲ್ಕು ಜನ ಕಾಣುವ ಜಾಗದಲ್ಲೇ ಆಗಬೇಕು. ಒಂದು ದಿನ ಟೀ ಶರ್ಟ್ ಹಾಕಿಕೊಂಡು ಬಂದು ಫೋಟೋ ತೆಗೆಸಿಕೊಂಡು ಹೋಗುವುದು ಮಾರ್ಗದರ್ಶನ ಅಲ್ಲ.

5. ಮಕ್ಕಳ ಫೋಟೋ, ಕಥೆ ಏನು ಮಾಡುತ್ತಾರೆ? ಮನೆಯ ಕಷ್ಟವನ್ನು ಹೆಸರು ಸಮೇತ ಪೋಸ್ಟರ್ ಮಾಡಲು ನಾವು ಬಿಡುವುದಿಲ್ಲ. ಮಗು ಮತ್ತು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಚಿತ್ರ ಇಲ್ಲ. ತಮ್ಮ ಸರಕಿನ ಪ್ರಚಾರಕ್ಕಾಗಿ ಪ್ರಾಯೋಜಿಸಿದ್ದನ್ನು ನಿಯಮವೂ ಸಿ.ಎಸ್.ಆರ್. ಎಂದು ಒಪ್ಪುವುದಿಲ್ಲ.

6. ಹಣ ಯಾರದು? ಮದ್ಯ, ಗುಟ್ಕಾ ಮಾರಿದ ಹಣದಿಂದ ಹದಿಹರೆಯದವರಿಗೆ ದಾರಿ ತೋರಿಸಲಾಗದು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾನೂನನ್ನೇ ತರಬೇಕಾಯಿತು. ನಿಮ್ಮ ಬಾಗಿಲಲ್ಲಿ ಕೂತು ನಿಮ್ಮನ್ನು ಅಳಿಸಿದವರು ನಾಳೆ ನಿಮ್ಮ ಮಗಳಿಗೆ ದಾನಿಗಳಾಗಿ ಬಂದರೆ, ಯೋಚಿಸಿ ಹೇಳಿ.

ಕೊನೆಯ ಮಾತು

ಈ ಆರು ಪ್ರಶ್ನೆ ಕೇಳಿದರೆ ಕಂಪನಿಯವರು ಎದ್ದು ಹೋಗುತ್ತಾರೆ ಎಂಬ ಭಯ ಬೇಡ. ಪ್ರಶ್ನೆ ಕೇಳುವ ಸಂಘವನ್ನು ಬ್ಯಾಂಕಿನವರು ಹೆಚ್ಚು ನಂಬುತ್ತಾರೆ ಅಂತ ನೀವೇ ಕಂಡಿದ್ದೀರಿ. ಒಂದು ವೇಳೆ ಹೋದರೆ ಹೋಗಲಿ. ನೂರು ಮಕ್ಕಳ ಕೈ ಹಿಡಿದು ನಡುದಾರಿಯಲ್ಲಿ ಬಿಡುವುದಕ್ಕಿಂತ ಹನ್ನೆರಡು ಮಕ್ಕಳನ್ನು ದಡ ಸೇರಿಸುವುದು ಮೇಲು. ಹನ್ನೆರಡು ಅಂತ ಸುಮ್ಮನೆ ಹೇಳಲಿಲ್ಲ. ನಿಮ್ಮ ಹತ್ತು ರೂಪಾಯಿಯ 72,000ದಲ್ಲಿ, ಯಾರ ಹಂಗೂ ಇಲ್ಲದೆ, ಇಡೀ ವರ್ಷ ನೋಡಿಕೊಳ್ಳಬಹುದಾದ ಮಕ್ಕಳು ಹನ್ನೆರಡು.

ಆದ್ದರಿಂದ ನನ್ನ ಸಲಹೆ ಇಷ್ಟು. ಕಂಪನಿಗೆ ಬನ್ನಿ ಎನ್ನೋಣ. ನೂರಲ್ಲ, ಈ ವರ್ಷ 40 ಮಕ್ಕಳು ಎನ್ನೋಣ. ಮೂರು ವರ್ಷದ ಮಾತು ಕೇಳೋಣ. ಅವರ ಮೊದಲ ಕಂತು ಬರುವ ಮೊದಲೇ ನಮ್ಮ ಹತ್ತು ರೂಪಾಯಿಯ ಖಾತೆ ತೆರೆಯೋಣ. ಒಪ್ಪಿಗೆಯಾದರೆ ಕೈ ಎತ್ತಿ, ಠರಾವು ಬರೆಯಿರಿ. ಒಪ್ಪಿಗೆ ಇಲ್ಲದವರು ಎದ್ದು ನಿಂತು ಹೇಳಿ, ಅದನ್ನೂ ಬರೆಯೋಣ.

ಜಗಲಿ ಮೇಲೆ ಕಾದಿದ್ದ ಆ ಹುಡುಗಿಗೆ ಅವತ್ತು ನಾನು ಉತ್ತರ ಕೊಡಲಿಲ್ಲ. ಒಳಗೆ ಕರೆದು ಚಹಾ ಕೊಟ್ಟೆ ಅಷ್ಟೆ. ಇನ್ನು ಮುಂದೆ ಯಾವ ಮಗುವೂ ಅಂಥ ಪ್ರಶ್ನೆ ಕೇಳುವಂತಾಗಬಾರದು.